ಹದಿನಾಲ್ಕರ ಹುಡುಗ ಗೂಢಚಾರನಾಗಬಲ್ಲನೇ?

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ, ಎಂಟನೆಯ ತರಗತಿ. ಆರು ತಿಂಗಳಿಂದ ಅವನ ಕೈಯಲ್ಲಿ ಅಲೆಕ್ಸ್ ರೈಡರ್ ಎಂಬ ಬಾಲ ಗೂಢಚಾರನ ಇಂಗ್ಲಿಷ್ ಕಾದಂಬರಿಗಳೇ. ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ. ಕುತೂಹಲಕ್ಕೆ ನಾನೂ ಮೊದಲನೆಯದನ್ನು ಓದಿದೆ. ಹದಿನಾಲ್ಕು ವರ್ಷದ ಹುಡುಗನನ್ನು ಸರ್ಕಾರವೇ ಶತ್ರುವಿನ ಮನೆಗೆ ಕಳಿಸುವುದು, ಅವನು ದೇಶವನ್ನು ಉಳಿಸಿ ಬರುವುದು, ಇದರಲ್ಲಿ ಒಂದನ್ನೂ ನಂಬಲಾಗಲಿಲ್ಲ. ಹಾಗೆಂದರೆ ಮಗ "ಅಮ್ಮಾ, ನಿನಗೆ ಅರ್ಥವಾಗುವುದಿಲ್ಲ" ಎನ್ನುತ್ತಾನೆ. ಮಕ್ಕಳನ್ನು ಹೀಗೆ ಹಿಡಿದಿಡುವುದು ಏನು? ಈ ಕಥೆಗಳಲ್ಲಿ ನಂಬುವಂಥದ್ದು ಏನಾದರೂ ಇದೆಯೇ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಮಸ್ಕಾರ. ಮುಖಪುಟ ನೋಡಿಯೇ ಮೂಗು ಮುರಿಯುವ ತಂದೆತಾಯಂದಿರನ್ನು ನಾನು ಬಹಳ ಕಂಡಿದ್ದೇನೆ. ನೀವು ಒಂದನ್ನಾದರೂ ಕೊನೆಯವರೆಗೆ ಓದಿ, ಆಮೇಲೆ ಪ್ರಶ್ನೆ ಕೇಳಿದ್ದೀರಿ. ಅದು ನನಗೆ ಬಹಳ ಸಂತೋಷ ತಂದಿತು.

ನಿಮ್ಮ ಅಪನಂಬಿಕೆಯಲ್ಲಿ ಎರಡು ಬೇರೆ ಬೇರೆ ಸಂದೇಹಗಳು ಬೆರೆತಿವೆ. ಹುಡುಗನಿಗೆ ಇಷ್ಟೆಲ್ಲ ಮಾಡಲು ಸಾಧ್ಯವೇ ಎಂಬುದು ಒಂದು. ದೊಡ್ಡವರು ಒಂದು ಮಗುವಿನ ಕೈಯಲ್ಲಿ ಇಂಥ ಕೆಲಸ ಮಾಡಿಸುತ್ತಾರೆಯೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ಮಾತೇ ಸರಿ. ಎರಡನೆಯದರಲ್ಲಿ ನಿಮ್ಮ ಮಗ ಸರಿ ಎಂದು ನನಗೆ ಅನ್ನಿಸುತ್ತದೆ. ಈ ಬಗೆಯ ಒಳ್ಳೆಯ ಕಾದಂಬರಿಗಳು ನಿಂತಿರುವುದೇ ಎರಡನೆಯದರ ಮೇಲೆ.

ನೀವು ಓದಿದ 'ಸ್ಟಾರ್ಮ್‌ಬ್ರೇಕರ್' ಹೇಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಮತ್ತೊಮ್ಮೆ ನೋಡೋಣ. ಆಂಟನಿ ಹೊರೊವಿಟ್ಜ್ ಬರೆದ ಈ ಪುಸ್ತಕ 2000ದಲ್ಲಿ ಬಂದದ್ದು. ಬೆಳಗಿನ ಜಾವ ಮೂರು ಗಂಟೆಗೆ ಬಾಗಿಲ ಗಂಟೆ ಬಾರಿಸುತ್ತದೆ. ಅಲೆಕ್ಸನನ್ನು ಸಾಕಿದ ಚಿಕ್ಕಪ್ಪ ಇಯಾನ್ ರೈಡರ್ ಕಾರು ಅಪಘಾತದಲ್ಲಿ ತೀರಿಕೊಂಡರು, ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳುತ್ತಾರೆ. ಅಲೆಕ್ಸನ ಮನಸ್ಸು ಆ ಒಂದು ಮಾತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪಕ್ಕದ ಬೀದಿಗೆ ಹೋಗುವಾಗಲೂ ಬೆಲ್ಟ್ ಹಾಕಿಕೋ ಎಂದು ಹಟ ಹಿಡಿಯುತ್ತಿದ್ದ ಚಿಕ್ಕಪ್ಪ ಬೆಲ್ಟ್ ಇಲ್ಲದೆ ಸತ್ತರೇ? ಅವನು ಆ ಕಾರನ್ನು ಹುಡುಕಿಕೊಂಡು ಗುಜರಿ ಅಂಗಳಕ್ಕೆ ಹೋಗುತ್ತಾನೆ. ಕಾರಿನ ಮೈಮೇಲೆ ಗುಂಡು ಹೊಕ್ಕ ತೂತುಗಳಿರುತ್ತವೆ.

ಇಲ್ಲಿ ಲೇಖಕರು ಮಾಡಿದ್ದನ್ನು ಗಮನಿಸಿ. ಆ ಸುಳಿವು ಬೆರಳಚ್ಚು ತಜ್ಞರಿಗೆ ಸಿಕ್ಕುವಂಥದ್ದಲ್ಲ. ಅದನ್ನು ಹಿಡಿಯಲು ಆ ಮನುಷ್ಯನ ಜೊತೆ ದಿನಾ ಕಾರಿನಲ್ಲಿ ಕೂತು ಬೈಸಿಕೊಂಡ ಹುಡುಗನೇ ಬೇಕು. ಅಲೆಕ್ಸ್ ಕರಾಟೆ ಕಲಿತಿದ್ದಾನೆ, ಹಲವು ಭಾಷೆ ಬಲ್ಲ, ಎಲ್ಲ ಸರಿ. ಆದರೆ ಅವನು ಗೂಢಚಾರನಾಗುವುದು ಮನೆಯ ಅಭ್ಯಾಸವೊಂದು ಅವನಿಗೆ ಗೊತ್ತಿದ್ದುದರಿಂದ, ದೊಡ್ಡವರು ಹೇಳಿದ ಮಾತು ಅದಕ್ಕೆ ಹೊಂದದೆ ಹೋದುದರಿಂದ. ಓದುವ ಹುಡುಗ ಆ ಪುಟದಲ್ಲೇ ಬಲೆಗೆ ಬೀಳುತ್ತಾನೆ. ಅಲೆಕ್ಸ್ ಮಾಡಿದ ಕೆಲಸವನ್ನು ಅವನೂ ದಿನಾ ಮಾಡುತ್ತಿರುತ್ತಾನೆ.

ಹದಿಮೂರರ ಮಗುವಿರುವ ಯಾವ ಮನೆಯನ್ನಾದರೂ ನೆನೆಸಿಕೊಳ್ಳಿ. ರಾತ್ರಿ ಒಂಬತ್ತೂವರೆ. ಅಡುಗೆಮನೆಯಲ್ಲಿ ಅಪ್ಪ ಅಮ್ಮ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಾರೆ. ಹುಡುಗ ನೀರು ಕುಡಿಯಲು ಬಂದ ಕೂಡಲೇ ಮಾತು ನಿಲ್ಲುತ್ತದೆ. "ಏನಿಲ್ಲ, ಹೋಗಿ ಮಲಗು." ಅವನು ಲೋಟ ತೊಳೆದು ಬೋರಲು ಹಾಕಿ ಹೋಗುತ್ತಾನೆ, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟು ಹೋಗಿರುತ್ತಾನೆ. ಬ್ಯಾಂಕಿನಿಂದ ಬಂದ ಲಕೋಟೆ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ದೊಡ್ಡಪ್ಪನ ಫೋನು, ಅಮ್ಮನ ಕೈಯಲ್ಲಿ ಕಾಣದಾದ ಬಳೆ, ಇವನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಎರಡೇ ದಿನದಲ್ಲಿ ಸಾಲದ ವಿಷಯ ಅವನಿಗೆ ತಿಳಿದುಹೋಗುತ್ತದೆ. ತನಗೆ ತಿಳಿದಿದೆ ಎಂದು ಅವನು ಯಾರಿಗೂ ಹೇಳುವುದಿಲ್ಲ. ಏನೂ ಗೊತ್ತಿಲ್ಲದವನ ಮುಖ ಮಾಡಿಕೊಂಡು ಮರುದಿನ ಶಾಲೆಗೆ ಹೋಗುತ್ತಾನೆ. ಬೇಹುಗಾರಿಕೆ ಎಂದರೆ ಇದೇ ತಾನೆ? ಕದ್ದು ಕೇಳುವುದು, ಚೂರುಗಳನ್ನು ಜೋಡಿಸುವುದು, ಗೊತ್ತಿದ್ದೂ ಗೊತ್ತಿಲ್ಲದಂತಿರುವುದು. ಹತ್ತರಿಂದ ಹದಿನೈದರ ನಡುವಿನ ಮಕ್ಕಳಷ್ಟು ಶ್ರದ್ಧೆಯಿಂದ ಈ ಕೆಲಸ ಮಾಡುವವರು ಬೇರಿಲ್ಲ. "ಮಕ್ಕಳ ಮುಂದೆ ಬೇಡ" ಎಂದು ನಾವು ಹೇಳಿದಾಗಲೆಲ್ಲ ಅವರ ಅಭ್ಯಾಸ ಗಟ್ಟಿಯಾಗುತ್ತ ಹೋಗುತ್ತದೆ.

ನನ್ನ ತಲೆಮಾರಿನವರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬೀಜಗಣಿತದ ಪುಸ್ತಕದೊಳಗಿಟ್ಟು ಓದಿದವರು. ಐನೂರಕ್ಕೂ ಹೆಚ್ಚು ಬರೆದವರು ಅವರು. ನಮಗೂ ಅದು ಹುಚ್ಚೇ ಆಗಿತ್ತು. ಆದರೆ ಅಲ್ಲಿ ಪತ್ತೇದಾರ ಪುರುಷೋತ್ತಮ ದೊಡ್ಡವನು, ನಾವು ಅವನ ಬೆನ್ನ ಹಿಂದೆ ಓಡುತ್ತಿದ್ದೆವು. ಈಗಿನ ಈ ಪುಸ್ತಕಗಳಲ್ಲಿ ಮುಂದೆ ಓಡುವವನೂ ಓದುವವನೂ ಒಂದೇ ವಯಸ್ಸಿನವರು. ಮಕ್ಕಳ ಮೇಲೆ ಇವುಗಳ ಹಿಡಿತ ಹೆಚ್ಚಿರುವುದಕ್ಕೆ ಈ ವ್ಯತ್ಯಾಸವೂ ಕಾರಣ.

ಇನ್ನು ದೊಡ್ಡವರ ವಿಷಯಕ್ಕೆ ಬರೋಣ. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6 ಅಲೆಕ್ಸನನ್ನು ಒಪ್ಪಿಸಿದ್ದು ಹೇಗೆಂದು ನೆನಪಿದೆಯೇ? ದೇಶಪ್ರೇಮದ ಭಾಷಣದಿಂದ ಅಲ್ಲ. ಮನೆಗೆಲಸದ ಜಾಕ್ ಸ್ಟಾರ್‌ಬ್ರೈಟ್ ಅಮೆರಿಕದವಳು. ಅಲೆಕ್ಸನಿಗೆ ಉಳಿದಿರುವ ಒಬ್ಬಳೇ ಒಬ್ಬಳು ಅವಳು. ಸಂಸ್ಥೆಯ ವಿಶೇಷ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥ ಅಲನ್ ಬ್ಲಂಟ್ ಮೇಜಿನ ಆಚೆಯಿಂದ ತಣ್ಣಗೆ ವಿವರಿಸುತ್ತಾನೆ: ಅವಳ ವೀಸಾ ನವೀಕರಣವಾಗುವುದಿಲ್ಲ, ಮನೆ ಮಾರಬೇಕಾಗುತ್ತದೆ, ನೀನು ಅನಾಥ ಮಕ್ಕಳ ಸಂಸ್ಥೆಗೆ ಹೋಗಬೇಕಾಗುತ್ತದೆ. ಅಲ್ಲಿ ಯಾರೂ ಪಿಸ್ತೂಲು ತೋರಿಸುವುದಿಲ್ಲ, ದನಿ ಏರಿಸುವುದೂ ಇಲ್ಲ. ಒಂದು ಅರ್ಜಿ, ಒಂದು ಸಹಿ, ಒಂದು ಕಾಗದ ಸಾಕು. ಸರ್ಕಾರಿ ಕಚೇರಿಯ ಬಾಗಿಲಲ್ಲಿ ಒಮ್ಮೆಯಾದರೂ ಕಾದವರಿಗೆ ಈ ದೃಶ್ಯವನ್ನು ನಂಬಲು ಕಷ್ಟವೇ ಇಲ್ಲ. ಇಡೀ ಸರಣಿಯಲ್ಲಿ ಅತ್ಯಂತ ನಿಜವಾದ ಪುಟಗಳು ಇವೇ ಎಂದು ನಾನು ತಿಳಿದಿದ್ದೇನೆ. ಖಳನ ಯೋಜನೆ, ಅಂದರೆ ಶಾಲೆಗಳಿಗೆ ಪುಕ್ಕಟೆ ಹಂಚುವ ಕಂಪ್ಯೂಟರಿನೊಳಗೆ ಸಿಡುಬಿನ ವೈರಾಣು ತುಂಬುವುದು, ಇದರ ಪಕ್ಕದಲ್ಲಿ ಬಣ್ಣದ ಕಾಗದದ ಹಾಗೆ ಕಾಣುತ್ತದೆ.

ಲೇಖಕರ ಇನ್ನೊಂದು ಜಾಣ್ಮೆಯನ್ನೂ ಹೇಳಬೇಕು. ಅಲೆಕ್ಸನಿಗೆ ಬಂದೂಕು ಕೊಡುವುದಿಲ್ಲ. ಅವನಿಗೆ ಸಿಗುವುದು ಯೋಯೋ, ಮೊಡವೆಯ ಮುಲಾಮು, ವಿಡಿಯೊ ಆಟದ ಯಂತ್ರ. ಮೊಡವೆಯ ಮುಲಾಮು ಲೋಹವನ್ನು ಕರಗಿಸುತ್ತದೆ ಎಂಬುದು ಕಲ್ಪನೆ, ಆದರೆ ಹದಿನಾಲ್ಕರ ಹುಡುಗನ ಚೀಲದಲ್ಲಿ ಅದು ಸಿಕ್ಕರೆ ಯಾರೂ ಹುಬ್ಬೇರಿಸುವುದಿಲ್ಲ ಎಂಬುದು ಸತ್ಯ. ಒಂದು ಸುಳ್ಳನ್ನು ನುಂಗಿಸಬೇಕಾದರೆ ಅದರ ಸುತ್ತ ಹತ್ತು ನಿಜ ಇಡಬೇಕು. ಈ ಲೆಕ್ಕ ಹೊರೊವಿಟ್ಜ್ ಅವರಿಗೆ ಚೆನ್ನಾಗಿ ಗೊತ್ತು.

ಈಗ ನಿಮ್ಮ ದೊಡ್ಡ ಸಂದೇಹ: ಯಾವುದಾದರೂ ಸರ್ಕಾರ ಮಕ್ಕಳನ್ನು ಇಂಥದ್ದಕ್ಕೆ ಬಳಸುತ್ತದೆಯೇ? ಉತ್ತರಕ್ಕೆ ಮೈಸೂರಿನಿಂದಲೇ ಹೊರಡಬಹುದು. 1905ರಲ್ಲಿ ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಒಂದು ತಾಳೆಗರಿ ಹಸ್ತಪ್ರತಿಯನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಗೂಢಪುರುಷರ ನೇಮಕಕ್ಕೇ ಪ್ರತ್ಯೇಕ ಭಾಗವಿದೆ. ಪಟ್ಟಿಯ ಮೊದಲ ಹೆಸರು ಕಾಪಟಿಕ. ಕಾಪಟಿಕನೆಂದರೆ ಪರರ ಮರ್ಮ ಬಲ್ಲ, ಎದೆಗಾರಿಕೆಯುಳ್ಳ ಛಾತ್ರ, ಅಂದರೆ ವಿದ್ಯಾರ್ಥಿ! ಮುಂದೆ ಸತ್ರಿಗಳು ಬರುತ್ತಾರೆ: ಬಂಧುಗಳಿಲ್ಲದವರು, ಅರಸನೇ ಸಾಕಬೇಕಾದವರು, ಲಕ್ಷಣಶಾಸ್ತ್ರ, ಅಂಗವಿದ್ಯೆ, ಮಾಯಾವಿದ್ಯೆ ಮುಂತಾದುವನ್ನು ಕಲಿತು ಗೂಢಚಾರರಾಗುವವರು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬಾಲ ಗೂಢಚಾರರ ಕಥೆಗಳಲ್ಲಿ ನಾಯಕ ಬಹುಮಟ್ಟಿಗೆ ಅನಾಥನೇ ಆಗಿರುತ್ತಾನೆ. ಅಪ್ಪ ಅಮ್ಮ ಇದ್ದರೆ ಕಥೆ ಮುಂದೆ ಸಾಗುವುದಿಲ್ಲ, ಅದಕ್ಕೆ ಲೇಖಕರು ಮೊದಲೇ ಅವರನ್ನು ಸಾಯಿಸುತ್ತಾರೆ ಎಂದು ವಿಮರ್ಶಕರು ಹೇಳುವುದುಂಟು. ಆದರೆ ರಾಜ್ಯಕ್ಕೂ ಅನಾಥನೇ ಬೇಕು. ಅವನು ಮರಳಿ ಬಾರದಿದ್ದರೆ ಎಲ್ಲಿ ಹೋದ ಎಂದು ಕೇಳುವವರು ಇರುವುದಿಲ್ಲ, ಅನ್ನ ಹಾಕಿದವರ ಋಣ ಅವನ ಮೇಲಿರುತ್ತದೆ. ಕಾದಂಬರಿಕಾರರು ಅನುಕೂಲಕ್ಕೆಂದು ಮಾಡಿದ್ದು ಎರಡು ಸಾವಿರ ವರ್ಷ ಹಿಂದಿನ ಆಡಳಿತ ಗ್ರಂಥದಲ್ಲಿ ವಿಧಿಯಾಗಿ ಕೂತಿದೆ.

ಅನಾಥ ಬಾಲ ಗೂಢಚಾರರಲ್ಲಿ ಬಹಳ ಹೆಸರಾದವನು ನಮ್ಮ ದೇಶದ ದಾರಿಗಳಲ್ಲೇ ಅಲೆದವನು. 1901ರಲ್ಲಿ ರಡ್ಯಾರ್ಡ್ ಕಿಪ್ಲಿಂಗ್ ಬರೆದ 'ಕಿಮ್' ಕಾದಂಬರಿಯ ಹುಡುಗ ಲಾಹೋರಿನ ಬೀದಿಯಲ್ಲಿ ಬೆಳೆದು ಬ್ರಿಟಿಷರ ಗುಪ್ತಚರನಾಗುತ್ತಾನೆ. ಆ ಪುಸ್ತಕದ ಸಾಮ್ರಾಜ್ಯಭಕ್ತಿ ನನಗೆ ಒಗ್ಗುವುದಿಲ್ಲ. ಆದರೆ ಕಸುಬಿನ ವಿವರಗಳು ಗಾಳಿಯಿಂದ ಹಿಡಿದವಲ್ಲ. ಜಪಮಾಲೆಯ ಮಣಿ ಎಣಿಸುತ್ತ ಹೆಜ್ಜೆಯಿಂದ ದಾರಿ ಅಳೆಯುವುದನ್ನು ಕಿಮ್‌ಗೆ ಹೇಳಿಕೊಡುತ್ತಾರಲ್ಲ, ಅದನ್ನು ನಿಜವಾಗಿ ಮಾಡಿದವರಿದ್ದರು. ಕುಮಾವೂಂ ಸೀಮೆಯ ಶಾಲಾ ಶಿಕ್ಷಕ ನೈನ್ ಸಿಂಗ್ ಬ್ರಿಟಿಷರ ಭೂಮಾಪನಕ್ಕಾಗಿ ಯಾತ್ರಿಕನ ವೇಷದಲ್ಲಿ ಟಿಬೆಟ್ಟಿಗೆ ನಡೆದು 1866ರಲ್ಲಿ ಲ್ಹಾಸಾ ಮುಟ್ಟಿದರು. ಅವರ ಮಾಲೆಯಲ್ಲಿ ನೂರೆಂಟರ ಬದಲು ನೂರು ಮಣಿ. ನೂರು ಹೆಜ್ಜೆಗೆ ಒಂದು ಮಣಿ ಸರಿಸಿದರೆ ಒಂದು ಸುತ್ತಿಗೆ ಹತ್ತು ಸಾವಿರ ಹೆಜ್ಜೆ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಅಳತೆಯ ಚೀಟಿಗಳು. ನಿಮ್ಮ ಮಗನಿಗೆ ಇದನ್ನು ಹೇಳಿ. ಮಣಿಮಾಲೆ ಹಿಡಿದು ಮನೆಯಿಂದ ಬಸ್ ನಿಲ್ದಾಣದವರೆಗೆ ಅಳೆದು ಬರುತ್ತಾನೆ, ನೋಡುತ್ತಿರಿ.

ಆಧುನಿಕ ಸರ್ಕಾರಗಳ ಕಡೆ ನೋಡಿದರೂ ಕಥೆ ಬೇರೆಯಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಒಳಗಿನ ಭದ್ರತೆ ನೋಡಿಕೊಳ್ಳುವ ಗುಪ್ತಚರ ಸಂಸ್ಥೆ ಎಂಐ5 ತನ್ನ ಕಚೇರಿಯೊಳಗೆ ಗುಟ್ಟಿನ ಪತ್ರ, ಸಂದೇಶಗಳನ್ನು ಸಾಗಿಸಲು ಮೊದಲು ಬಾಯ್ ಸ್ಕೌಟ್‌ಗಳನ್ನು ಇಟ್ಟುಕೊಂಡಿತ್ತು. ಅವರ ತುಂಟಾಟ ತಡೆಯಲಾರದೆ 14ರಿಂದ 16ರ ಗರ್ಲ್ ಗೈಡ್‌ಗಳನ್ನು ನೇಮಿಸಿಕೊಂಡಿತು. ಇದು ಹಳೆಯ ಮಾತಾಯಿತು. 'ಸ್ಟಾರ್ಮ್‌ಬ್ರೇಕರ್' ಬಂದ ಅದೇ 2000ದಲ್ಲಿ ಬ್ರಿಟನ್ನಿನಲ್ಲಿ ಒಂದು ಆದೇಶವೂ ಜಾರಿಗೆ ಬಂತು. ಹದಿನೆಂಟಕ್ಕಿಂತ ಚಿಕ್ಕವರನ್ನು ಪೊಲೀಸರು ಮತ್ತು ಇತರ ಸಂಸ್ಥೆಗಳು ಗುಪ್ತ ಮಾಹಿತಿದಾರರಾಗಿ ಬಳಸುವಾಗ ಪಾಲಿಸಬೇಕಾದ ನಿಯಮಗಳು ಅದರಲ್ಲಿದ್ದವು. ಹದಿನಾರು ತುಂಬದವರನ್ನು ಅವರ ಸ್ವಂತ ತಂದೆತಾಯಿಯ ವಿರುದ್ಧ ಮಾಹಿತಿ ತರಲು ಬಳಸಕೂಡದು ಎಂಬುದು ಅವುಗಳಲ್ಲಿ ಒಂದು. ಈ ನಿಯಮ ಬರೆಯಬೇಕಾಯಿತು ಎಂಬುದರಲ್ಲೇ ಎಷ್ಟೊಂದು ಅಡಗಿದೆ, ಯೋಚಿಸಿ. 2018ರಲ್ಲಿ, ಮಕ್ಕಳನ್ನು ಹೀಗೆ ಬಳಸಲು ಕೊಡುವ ಅನುಮತಿಯ ಅವಧಿಯನ್ನು ಒಂದು ತಿಂಗಳಿಂದ ನಾಲ್ಕು ತಿಂಗಳಿಗೆ ಏರಿಸಲು ಹೊರಟಾಗ ಅಲ್ಲಿನ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೊಂದು ಆತಂಕ ವ್ಯಕ್ತಪಡಿಸಿತು. ಮಕ್ಕಳ ಹಕ್ಕಿನ ಸಂಸ್ಥೆಯೊಂದು ಹೈಕೋರ್ಟಿಗೆ ಹೋಯಿತು. 2019ರಲ್ಲಿ ಆ ಅರ್ಜಿ ವಜಾ ಆಯಿತು. 2015ರಿಂದ 2018ರವರೆಗೆ ಹೀಗೆ ಬಳಕೆಯಾದ ಅಪ್ರಾಪ್ತರು 17 ಮಂದಿ, ಅವರಲ್ಲಿ ಒಬ್ಬನ ವಯಸ್ಸು 15 ಎಂಬ ಲೆಕ್ಕ ಆಗ ಹೊರಬಂತು. ಇವರ ಕೆಲಸದಲ್ಲಿ ವಿಮಾನದಿಂದ ಧುಮುಕುವುದಿಲ್ಲ. ಮಾದಕ ವಸ್ತು ಸಾಗಿಸುವ ಗುಂಪಿನಲ್ಲೋ, ಮಕ್ಕಳನ್ನು ಶೋಷಿಸುವವರ ಜಾಲದಲ್ಲೋ ಆಗಲೇ ಸಿಕ್ಕಿಬಿದ್ದ ಮಗುವಿಗೆ, ಅಲ್ಲಿಯೇ ಇದ್ದು ನಮಗೆ ವಿಷಯ ತಿಳಿಸು ಎಂದು ಹೇಳುವುದಷ್ಟೆ. ಬ್ಲಂಟನ ಮೇಜು ನೆನಪಾಗುತ್ತದೆ.

ಹಾಗಾದರೆ ಹುಡುಗ ಹುಡುಗಿಯರ ಸಾಹಸವೆಲ್ಲ ಕಟ್ಟುಕಥೆಯೇ? ಹಾಗೂ ಹೇಳಲಾರೆ. ನೆದರ್ಲೆಂಡ್ಸ್‌ನ ಹಾರ್ಲೆಮ್ ಊರಿನ ಟ್ರೂಸ್ ಮತ್ತು ಫ್ರೆಡ್ಡಿ ಓವರ್‌ಸ್ಟೇಗನ್ ಎಂಬ ಅಕ್ಕತಂಗಿಯರು ನಾಜಿ ಆಕ್ರಮಣದ ಕಾಲದಲ್ಲಿ ಪ್ರತಿರೋಧ ದಳ ಸೇರಿದರು. ತಂಗಿ ಫ್ರೆಡ್ಡಿಗೆ ಆಗ ಹದಿನಾಲ್ಕರ ಆಸುಪಾಸು. ದಳದವರು ಮನೆಗೇ ಬಂದು ತಾಯಿಯ ಒಪ್ಪಿಗೆ ಕೇಳಿದರು, ತಾಯಿ ಒಪ್ಪಿದರು. ಎರಡು ಜಡೆ ಹಾಕಿಕೊಂಡು ಸೈಕಲ್ ತುಳಿಯುವ ಹುಡುಗಿಯನ್ನು ಜರ್ಮನ್ ಸೈನಿಕರು ತಡೆದು ನಿಲ್ಲಿಸುತ್ತಿರಲಿಲ್ಲ. ಕರಪತ್ರ ಹಂಚುವುದರಿಂದ ಆರಂಭವಾದದ್ದು ಯಹೂದಿ ಮಕ್ಕಳನ್ನು ಬಚ್ಚಿಡುವಲ್ಲಿಗೆ, ಕೊನೆಗೆ ಶತ್ರುಗಳ ಮೇಲೆ ಗುಂಡು ಹಾರಿಸುವಲ್ಲಿಗೂ ಹೋಯಿತು. ಮಕ್ಕಳನ್ನು ಯಾರೂ ಅನುಮಾನಿಸುವುದಿಲ್ಲ ಎಂಬ ಮಾತು, ಈ ಕಾದಂಬರಿಗಳೆಲ್ಲ ಯಾವುದರ ಮೇಲೆ ನಿಂತಿವೆಯೋ ಅದೇ ಮಾತು, ಹಾರ್ಲೆಮ್‌ನ ಬೀದಿಗಳಲ್ಲಿ ನಿಜವಾಗಿತ್ತು. ಫ್ರೆಡ್ಡಿ 2018ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಷ್ಟು ಜನರನ್ನು ಕೊಂದಿರಿ ಎಂದರೆ, ಸೈನಿಕರನ್ನು ಆ ಪ್ರಶ್ನೆ ಕೇಳಬಾರದು ಎನ್ನುತ್ತಿದ್ದರಂತೆ. ಯುದ್ಧ ಮುಗಿದು ದಶಕಗಳಾದರೂ ಅವರಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಈ ನಿದ್ದೆ ಬಾರದಿರುವಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಅಲೆಕ್ಸನ ಪುಸ್ತಕಗಳಿಗೆ ಹೋದರೆ, ನಿಜವಾಗಿ ನಂಬಲಾಗದ ಭಾಗ ಯಾವುದೆಂದು ಕಾಣುತ್ತದೆ. ಹುಡುಗನ ತಲೆಗೆ ಏಟು ಬೀಳುತ್ತದೆ, ಪ್ರಜ್ಞೆ ತಪ್ಪುತ್ತದೆ, ಎಲ್ಲೋ ಎಚ್ಚರವಾಗಿ ಎದ್ದು ಓಡುತ್ತಾನೆ. ಬಹಳ ಹೊತ್ತು ಪ್ರಜ್ಞೆ ತಪ್ಪಿಸುವ ಏಟು ಮಿದುಳಿಗೆ ಆದ ಗಂಭೀರ ಗಾಯ, ಅವನು ಇರಬೇಕಾದದ್ದು ಆಸ್ಪತ್ರೆಯಲ್ಲಿ. 2000ದಿಂದ 2011ರವರೆಗೆ ಒಂಬತ್ತು ಪುಸ್ತಕ ಬಂದವು, ಆದರೆ ಕಥೆಯೊಳಗೆ ಕಳೆದದ್ದು ಹೆಚ್ಚುಕಡಿಮೆ ಒಂದು ವರ್ಷ. ಒಂದು ವರ್ಷದಲ್ಲಿ ಅಷ್ಟು ಸಲ ಸಾವಿನ ಬಾಯಿಗೆ ಹೋಗಿ ಬಂದ ಮಗು ಮತ್ತೆ ಲೆಕ್ಕದ ಪರೀಕ್ಷೆಗೆ ಕೂರುತ್ತದೆಯೇ? ಮೊದಲ ಪುಸ್ತಕಗಳ ಕಾಲದಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲವೆಂಬುದೂ ಲೇಖಕರಿಗೆ ಅನುಕೂಲವಾಯಿತು. ಇವತ್ತು ಮುಖ ಗುರುತಿಸುವ ಕ್ಯಾಮೆರಾದ ಮುಂದೆ ಸುಳ್ಳು ಹೆಸರಿನ ಹುಡುಗ ಹೆಚ್ಚು ಹೊತ್ತು ನಿಲ್ಲಲಾರ.

ಆದರೂ ಹೊರೊವಿಟ್ಜ್ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಸರಣಿ ಮುಂದುವರಿದಂತೆ ಅಲೆಕ್ಸನ ಉತ್ಸಾಹ ಆರುತ್ತ ಬರುತ್ತದೆ. ತನ್ನನ್ನು ಬಳಸಿಕೊಳ್ಳುತ್ತಿದ್ದಾರೆ ಎಂಬ ಕಹಿ ದಟ್ಟವಾಗುತ್ತದೆ. ಶಾಲೆಯಲ್ಲಿ ಅವನ ಗೈರುಹಾಜರಿಗೆ ಕೊಡುವ ಕಾಯಿಲೆಯ ಸುಳ್ಳುಗಳಿಂದ ಗೆಳೆಯರು ದೂರವಾಗುತ್ತಾರೆ. ಐದನೆಯ ಪುಸ್ತಕದ ಕೊನೆಯಲ್ಲಿ ನಡೆಯುವುದನ್ನು ಹೇಳಿದರೆ ನಿಮ್ಮ ಮಗ ನನ್ನನ್ನು ಕ್ಷಮಿಸಲಾರ, ಅಲ್ಲಿಗೆ ಬಿಡುತ್ತೇನೆ. 2004ರಲ್ಲಿ ಅದನ್ನು ಓದಿದ ಮಕ್ಕಳು ಮುಂದಿನದಕ್ಕಾಗಿ ಒಂದು ವರ್ಷ ಕಾದರು.

ಅದೇ 2004ರಲ್ಲಿ ಆರಂಭವಾದ ರಾಬರ್ಟ್ ಮುಚಮೋರ್ ಅವರ 'ಚೆರಬ್' ಸರಣಿ ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಎದುರಿಸುತ್ತದೆ. ಅಲ್ಲಿ ಹತ್ತರಿಂದ ಹದಿನೇಳರ ಮಕ್ಕಳದೇ ಒಂದು ಗುಪ್ತ ಸಂಸ್ಥೆ, ಅವರೂ ಬಹುತೇಕ ಅನಾಥರೇ. ಆದರೆ ಪ್ರತಿ ಕಾರ್ಯಾಚರಣೆಗೂ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಬೇಡವೆನ್ನುವ ಹಕ್ಕು ಮಗುವಿಗಿದೆ. ಕಾಗದದ ಮೇಲೆ ಇದು ಹೆಚ್ಚು ನಂಬುವಂತಿದೆ, ಮಕ್ಕಳ ಜಗಳ, ಅಸೂಯೆಗಳೂ ಹೆಚ್ಚು ಸಹಜ. ಭಾಷೆ, ಸನ್ನಿವೇಶಗಳು ಮಾತ್ರ ಒರಟು. ಹದಿಮೂರಕ್ಕೆ ಕೊಡುವ ಮೊದಲು ನೀವು ಒಮ್ಮೆ ಓದಿ ನೋಡಿ.

ನಿಮ್ಮ ಮಗನ ವಿಷಯ. ಪುಸ್ತಕ ಕಸಿಯಬೇಡಿ, "ಇದೆಲ್ಲ ಸುಳ್ಳು" ಎಂದು ವಾದಿಸಲೂ ಹೋಗಬೇಡಿ. ಯೋಯೋ ಕಟ್ಟಡದಿಂದ ಇಳಿಸುವುದಿಲ್ಲ ಎಂದು ಅವನಿಗೆ ನಿಮ್ಮಷ್ಟೇ ಚೆನ್ನಾಗಿ ಗೊತ್ತು. ಅವನೊಂದಿಗೆ ಬ್ಲಂಟನ ಬಗ್ಗೆ ಮಾತಾಡಿ. 2025ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ನಲ್ಲೇ 17 ವರ್ಷದ ಇಬ್ಬರು ಹುಡುಗರ ಬಂಧನವಾಯಿತು. ರಷ್ಯಾ ಪರ ಹ್ಯಾಕರ್‌ಗಳು ಟೆಲಿಗ್ರಾಂ ಮೂಲಕ ಅವರನ್ನು ಹಿಡಿದು, ಒಬ್ಬನ ಕೈಗೆ ವೈಫೈ ಸಂಕೇತ ಗ್ರಹಿಸುವ ಸಾಧನ ಕೊಟ್ಟು ಹೇಗ್ ನಗರದ ಕಚೇರಿಗಳ ಪಕ್ಕದಲ್ಲಿ ನಡೆಸಿದರು ಎಂಬುದು ಆರೋಪ. ಅಪರಿಚಿತನೊಬ್ಬ ಮೊಬೈಲಿನಲ್ಲಿ ಬಂದು, ನೀನು ಜಾಣ, ನಿನ್ನಿಂದ ಒಂದು ಚಿಕ್ಕ ಕೆಲಸವಾಗಬೇಕು, ಮನೆಯಲ್ಲಿ ಹೇಳಬೇಡ ಎಂದರೆ, ಆ ಮಾತಿನ ಧಾಟಿಯನ್ನು ಅಲೆಕ್ಸನ ಓದುಗ ಎಲ್ಲೋ ಕೇಳಿರುತ್ತಾನೆ.

ಒಂದು ರಾತ್ರಿ ಊಟವಾದ ಮೇಲೆ ಅವನನ್ನು ಕೇಳಿ: ಬ್ಲಂಟನ ಆ ಕೋಣೆಯಲ್ಲಿ ಅಲೆಕ್ಸ್ "ಆಗುವುದಿಲ್ಲ" ಎಂದಿದ್ದರೆ ಅವರು ಏನು ಮಾಡುತ್ತಿದ್ದರು? ಜಾಕ್‌ಗೆ ಅವನು ಮೊದಲೇ ಎಲ್ಲ ಹೇಳಿಬಿಟ್ಟಿದ್ದರೆ? ನೀವು ಮಾತು ಆರಂಭಿಸಿ ಸುಮ್ಮನಿರಿ. ಅವನ ಬಳಿ ಹೇಳಲು ಬಹಳ ಇದೆ. ಅವನು ಮಾತಾಡುತ್ತಿರುವಾಗ ಮನೆಯವರು ಯಾರಾದರೂ ನೀರು ಕುಡಿಯಲು ಅಡುಗೆಮನೆಗೆ ಬಂದರೆ, ಮಾತು ನಿಲ್ಲಿಸಬೇಡಿ.